ರದ್ದಾದ ಮೂವತ್ತೊಂದು ನೋಟುಗಳು

ಕಾಕಾ ನನ್ನ ಆಲ್ಬಮ್ ಮುಚ್ಚಿ ಅದರ ಮೇಲೆ ತಮ್ಮ ಊಟದ ಡಬ್ಬಿ ಇಟ್ಟುಬಿಟ್ಟರು. ಆಗಸ್ಟ್ ಏಳು, ಭಾನುವಾರ, ಬೆಳಿಗ್ಗೆ ಹನ್ನೊಂದೂ ಇಪ್ಪತ್ತು. ಅಲ್ಲಿಯವರೆಗೆ ಅವರು ಆರು ಸಲ ‘ವ್ಹಾ’ ಅಂದಿದ್ದರು. ನಾನು ಏಳನೆಯದಕ್ಕೆ ಕಾಯುತ್ತಿದ್ದೆ.

ತಿಂಗಳ ಮೊದಲ ಭಾನುವಾರ ಅಮೀರ್‌ಪೇಟ್‌ನ ಒಂದು ಸಭಾಂಗಣದಲ್ಲಿ ಹಳೆಯ ನೋಟು, ನಾಣ್ಯ ಸಂಗ್ರಹಿಸುವವರು ಸೇರುತ್ತಾರೆ. ನಾನಾಗ ಡಿಗ್ರಿ ಕೊನೆಯ ವರ್ಷದಲ್ಲಿದ್ದೆ. ಅಲ್ಲಿಗೆ ಹೋಗುತ್ತಿದ್ದವರಲ್ಲಿ ಹುಡುಗಿ ನಾನೊಬ್ಬಳೇ. ಕಾಕಾ ಬೀದರ್ ಕಡೆಯವರು, ಬ್ಯಾಂಕಿನ ಕ್ಯಾಷಿಯರ್ ಆಗಿ ನಿವೃತ್ತರಾದವರು. ಕಿಟಕಿ ಪಕ್ಕದ ಮೇಜು ಅವರದು. ಯಾರು ಏನು ತಂದರೂ ಗುರುತು ಹಿಡಿದು ಬೆಲೆ ಹೇಳುತ್ತಿದ್ದರು, ಅದಕ್ಕೆ ಬಿಡಿಗಾಸೂ ತೆಗೆದುಕೊಳ್ಳುತ್ತಿರಲಿಲ್ಲ.

ನೋಟು ನೋಡುವುದನ್ನು ನನಗೆ ಕಲಿಸಿದವರು ಅವರೇ. ಮೊದಲು ಮೂಲೆ ಹಿಡಿದು ಮೆಲ್ಲಗೆ ಅಲ್ಲಾಡಿಸಿ ಸದ್ದು ಕೇಳಬೇಕು. ಆಮೇಲೆ ಬೆಳಕಿಗೆ ಓರೆಯಾಗಿ ಹಿಡಿದು ಮಡಿಕೆ ಹುಡುಕಬೇಕು. ಎಡಗಡೆಯ ಬಿಳಿ ಜಾಗದಲ್ಲಿ ಯಾವ ಕ್ಯಾಷಿಯರನಾದರೂ ಪೆನ್ನಿನಿಂದ ಲೆಕ್ಕ ಗೀಚಿದ್ದರೆ ಬೆಲೆ ಅರ್ಧಕ್ಕಿಳಿಯುತ್ತದೆ. ಬಹಳ ಹಳೆಯ ನೋಟು ಎಷ್ಟೇ ಗರಿಗರಿಯಾಗಿದ್ದರೂ ಅದರಲ್ಲಿ ಎರಡು ಸಣ್ಣ ತೂತು ಇರಬೇಕು, ಯಾಕೆಂದರೆ ಆಗ ಬ್ಯಾಂಕಿನವರು ನೂರರ ಕಟ್ಟಿಗೆ ಪಿನ್ನು ಹೊಡೆಯುತ್ತಿದ್ದರು. ತೂತೇ ಇಲ್ಲದ್ದು ಬಂದರೆ ಯಾರೋ ಮುಚ್ಚಿದ್ದಾರೆಂದು ಸಂಶಯಪಡಬೇಕು. “ನಾ ಹೊಡದ ತೂತೇ ಊರ ತುಂಬ ಅದಾವ ಬೇಟಾ” ಎಂದು ನಗುತ್ತಿದ್ದರು.

ನನ್ನ ಆಲ್ಬಮ್ಮಿನಲ್ಲಿದ್ದವು ಅಷ್ಟು ಹಳೆಯವಲ್ಲ. ರದ್ದಾದ ಐನೂರು, ಸಾವಿರದ ನೋಟುಗಳು. ರದ್ದಾದಾಗ ನಾನು ಒಂಬತ್ತನೆಯ ತರಗತಿ. ಬ್ಯಾಂಕಿಗೆ ಕಟ್ಟುವ ಗಡುವು ಮುಗಿದ ಮೇಲೆ ನಮ್ಮ ನೆಂಟರ ಮನೆಗಳಲ್ಲಿ ಒಂದೊಂದಾಗಿ ಮರೆತ ನೋಟುಗಳು ಸಿಗತೊಡಗಿದವು. ಯಾವುದೋ ಸೀರೆಯ ಮಡಿಕೆಯಲ್ಲಿ, ಗ್ಯಾಸಿನ ಪುಸ್ತಕದಲ್ಲಿ, ಹಳೆಯ ಕೋಟಿನ ಜೇಬಿನಲ್ಲಿ. ಇನ್ನು ಕಾಗದ ತಾನೇ ಎಂದು ನನಗೆ ಕೊಟ್ಟರು. ನಾನು ಒಂದೊಂದನ್ನೂ ಯಾರು ಕೊಟ್ಟರು, ಯಾವ ತಾರೀಖು, ಎಲ್ಲಿ ಸಿಕ್ಕಿತ್ತು ಎಂದು ಡೈರಿಯಲ್ಲಿ ಬರೆದುಕೊಂಡೆ. ಆಮೇಲೆ ತಿಳಿಯಿತು, ಎಲ್ಲ ಐನೂರೂ ಒಂದೇ ಅಲ್ಲ. ಹಿಂಬದಿಯ ಕೆಳಗೆ ಮುದ್ರಣದ ವರ್ಷವಿದೆ. ಮುಂಬದಿಯ ಸಂಖ್ಯೆಯ ಹಿಂದೆ, ಕಂಡೂ ಕಾಣದ ಹಾಗೆ, ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ, ಇಲ್ಲವೆ ಏನೂ ಇರುವುದಿಲ್ಲ. ಸಹಿ ಬದಲಾಗುತ್ತದೆ. ಕೊನೆಯ ಕಾಲದವುಗಳಲ್ಲಿ ಅಂಕಿಗಳು ಎಡದಿಂದ ಬಲಕ್ಕೆ ದೊಡ್ಡದಾಗುತ್ತ ಹೋಗುತ್ತವೆ. ವರ್ಷ, ಅಕ್ಷರ, ಸಹಿ ಸೇರಿಸಿ ನೋಡಿದರೆ ಪ್ರತಿಯೊಂದೂ ಬೇರೆ. ಒಂದೇ ತರಹದ್ದು ಎರಡಿದ್ದರೆ ಒಂದನ್ನು ಬೇರೆಯವರಿಗೆ ಕೊಟ್ಟು ನನ್ನಲ್ಲಿಲ್ಲದ್ದನ್ನು ಪಡೆದೆ. ಆರು ವರ್ಷ ಹೀಗೇ ನಡೆಯಿತು.

ಆ ಭಾನುವಾರ ಕಾಕಾ ಒಂದು ಸಾವಿರದ ನೋಟಿನ ಮೇಲೆ ಭೂತಗನ್ನಡಿ ಹಿಡಿದು ಬಹಳ ಹೊತ್ತು ಕೂತರು. “ಈ ವರ್ಷಕ್ಕ ಈ ಅಕ್ಷರ ನಾ ಎಲ್ಲೂ ನೋಡಿಲ್ಲ ಬೇಟಾ. ಉಳಿದವೆಲ್ಲಾ ಒಂದ ತೂಕ, ಇದೊಂದೇ ಒಂದ ತೂಕ” ಅಂದರು. ಅದು ಆರನೆಯ ‘ವ್ಹಾ’. ಆಮೇಲೆ ಪುಟ ತಿರುವುತ್ತ ಕೇಳಿದರು:

“ಎಲ್ಲಾ ಎಷ್ಟ ಅದಾವ?”

“ಐನೂರಿನವು ಹದಿನೇಳು, ಸಾವಿರದವು ಹದಿನಾಲ್ಕು ಕಾಕಾ.”

“ರದ್ದಾದ ನೋಟು ಇಪ್ಪತ್ತೈದರ ಮ್ಯಾಲೆ ಇಟ್ಕೋಬಾರದು ಅನ್ನೋ ಕಾನೂನು ಗೊತ್ತದ ಇಲ್ಲ ನಿನಗ?”

“ಗೊತ್ತೈತ್ರಿ. ಅದಕ್ಕ ಎರಡೂ ಇಪ್ಪತ್ತೈದರ ಒಳಗ ಇಟ್ಟೀನಿ.”

ಅವರು ಕನ್ನಡಕ ತೆಗೆದರು. “ಎರಡೂ ಅಲ್ಲ ಬೇಟಾ. ಎರಡೂ ಕೂಡಿ. ಐನೂರಿರಲಿ, ಸಾವಿರ ಇರಲಿ, ಎಲ್ಲಾ ಕೂಡಿ ಇಪ್ಪತ್ತೈದು. ಅದೂ ನಮ್ಮಂಥ ಅಭ್ಯಾಸ ಮಾಡೋರಿಗಿ. ಉಳದ ಮಂದಿಗಿ ಹತ್ತೇ.”

ಆಗ ಆಲ್ಬಮ್ ಮುಚ್ಚಿದರು. ಡಬ್ಬಿ ಇಟ್ಟರು.

ಹಾಲಿನ ಪ್ಯಾಕೆಟ್ಟು, ಬಸ್ಸಿಗೆ ಕಾದ ನಿಮಿಷ, ಓದಿ ಮುಗಿಸಿದ ಪುಟ, ಎಲ್ಲವನ್ನೂ ಬರೆದು ತಿಂಗಳ ಕೊನೆಗೆ ಮೊತ್ತ ಹಾಕುವವಳು ನಾನು. ಈ ಎರಡು ಸಂಖ್ಯೆಗಳನ್ನು ಮಾತ್ರ ಒಮ್ಮೆಯೂ ಕೂಡಿಸಿರಲಿಲ್ಲ. ಐನೂರಿನದು ಒಂದು ಸರಣಿ, ಸಾವಿರದ್ದು ಇನ್ನೊಂದು. ಸಂಗ್ರಹಿಸುವವರು ಯಾರೂ ಅವನ್ನು ಕೂಡಿಸುವುದಿಲ್ಲ, ಬೇರೆ ಬೇರೆ ಪುಟದಲ್ಲಿ ಬರೆಯುತ್ತಾರೆ. ನಾನೂ ಹಾಗೇ ಬರೆದಿದ್ದೆ.

“ದಂಡ ಎಷ್ಟು ಕಾಕಾ?”

“ಹತ್ತ ಸಾವಿರ, ಇಲ್ಲಾ ನೋಟಿನ ಮ್ಯಾಲೆ ಬರದದ್ದರ ಐದ ಪಟ್ಟು. ಯಾವುದು ಜಾಸ್ತಿನೋ ಅದು.” ಸುತ್ತ ನೋಡಿ ದನಿ ಇಳಿಸಿದರು. “ದಂಡ ಕಟ್ಟಬಹುದು ಬಿಡು. ಕೋರ್ಟಿನ ಕಾಗದದಾಗ ನಿಮ್ಮಪ್ಪನ ಹೆಸರು ಬರ್ತದಲ್ಲ. ಹೋಗು ಈಗ. ಇಲ್ಲಿ ಯಾರ ಮುಂದೂ ಮೂವತ್ತೊಂದು ಅನಬ್ಯಾಡ. ಮತ್ತ ಇದು ನನ್ನ ಮೇಜಿನ ಮ್ಯಾಲೆ ತರಬ್ಯಾಡ.”

ನನ್ನನ್ನು ಬಾಗಿಲವರೆಗೆ ಬಿಡಲು ಬರುತ್ತಿದ್ದವರು ಅಂದು ಕುರ್ಚಿಯಿಂದ ಏಳಲಿಲ್ಲ.

ಮೆಟ್ರೋ ನಿಲ್ದಾಣದ ಮೆಟ್ಟಿಲು ಹತ್ತಿದ ಮೇಲೆ ಬ್ಯಾಗು ತಪಾಸಣೆಯ ಯಂತ್ರ ನೆನಪಾಯಿತು. ಆಗಸ್ಟ್ ಹದಿನೈದು ಹತ್ತಿರವಿತ್ತು. ಪಕ್ಕದಲ್ಲಿ ಮಾಮೂಲಿಗಿಂತ ಇಬ್ಬರು ಪೊಲೀಸರು ಹೆಚ್ಚು ನಿಂತಿದ್ದರು. ನನ್ನ ಮುಂದೆ ನಾಲ್ಕು ಜನ. ಮೂವರಾದರು, ಇಬ್ಬರಾದರು. ಆ ಯಂತ್ರದಲ್ಲಿ ಕಾಗದ ಕಾಗದವಾಗಿಯೇ ಕಾಣುತ್ತದೆಂದು ಈಗ ಗೊತ್ತು. ಅಂದು ಮಾತ್ರ, ನೋಟಿನೊಳಗಿನ ಮೂವತ್ತೊಂದು ಭದ್ರತಾ ಎಳೆಗಳೂ ಪರದೆಯ ಮೇಲೆ ಸಾಲಾಗಿ ಹೊಳೆಯುತ್ತವೆ ಅನ್ನಿಸಿತು. ತಿರುಗಿ ಇಳಿದುಬಿಟ್ಟೆ. ಹಿಂದಿದ್ದ ಹೆಂಗಸು “ಏಮೈಂದಮ್ಮಾ?” ಎಂದು ತೆಲುಗಿನಲ್ಲಿ ಏನಾಯಿತೆಂದು ಕೂಗಿ ಕೇಳಿದರೂ ನಿಲ್ಲಲಿಲ್ಲ.

ಬಸ್ಸು ಹಿಡಿದು ಮೆಹದಿಪಟ್ಟಣಂನಲ್ಲಿ ಇಳಿದೆ. ನಮ್ಮ ಕ್ವಾರ್ಟರ್ಸ್ ಕಡೆಯ ಬಸ್ಸು ಅಲ್ಲಿಂದಲೇ. ಅಲ್ಲೂ ಒಬ್ಬ ಪೊಲೀಸ್ ಪೇದೆ ನಿಂತವರ ಚೀಲಗಳನ್ನು ಲಾಠಿಯ ತುದಿಯಿಂದ ಒತ್ತಿ ನೋಡುತ್ತ ಬರುತ್ತಿದ್ದ. ನನ್ನ ಚೀಲಕ್ಕೆ ತಗುಲಿಸಿ, “ಇಸ್ ಮೇ ಕ್ಯಾ ಹೈ ಅಮ್ಮಾ?” ಅಂದ.

“ಆಲ್ಬಮ್.”

“ಶಾದಿ ಕಾ?”

“ಹಾಂ.”

“ಕಿಸ್ಕಿ?”

“ಮೇರಿ” ಅಂದುಬಿಟ್ಟೆ, ನನ್ನದೇ ಮದುವೆಯ ಆಲ್ಬಮ್ ಅನ್ನುವ ಹಾಗೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಕಾಲೇಜಿನ ಚೀಲ, ರಬ್ಬರಿನ ಚಪ್ಪಲಿ. “ಮುಬಾರಕ್ ಹೋ” ಎಂದು ನಕ್ಕು ಮುಂದೆ ಹೋದ. ಬಸ್ಸು ಬರುವವರೆಗೆ, ಹದಿನೆಂಟು ನಿಮಿಷ, ನಾನು ಚೀಲವನ್ನು ಎದೆಗೆ ಒತ್ತಿಕೊಂಡೇ ನಿಂತಿದ್ದೆ. ಹಾಗೆ ಹಿಡಿದರೆ ಇನ್ನೂ ಅನುಮಾನ ಬರುತ್ತದೆ ಎಂದು ಗೊತ್ತಿದ್ದರೂ ಕೈ ಸಡಿಲವಾಗಲಿಲ್ಲ.

ಬಸ್ಸಿನಲ್ಲಿ ಕೂತ ಮೇಲೆ ಇನ್ನೊಂದು ನೆನಪಾಯಿತು. ಕಾಲೇಜಿನಲ್ಲಿ ಸ್ವಾತಂತ್ರ್ಯೋತ್ಸವದ ಪ್ರದರ್ಶನಕ್ಕೆ ನನ್ನ ಸಂಗ್ರಹ ಇಡುವುದೆಂದಿತ್ತು. ಶುಕ್ರವಾರ ಟೈಪು ಮಾಡಿದ ಪಟ್ಟಿಯನ್ನು ಮೇಡಂಗೆ ಕೊಟ್ಟಿದ್ದೆ. ಅವರು ಸಂತೋಷಪಟ್ಟು ಅದನ್ನು ವಿಭಾಗದ ನೋಟೀಸ್ ಬೋರ್ಡಿಗೆ ಹಚ್ಚಿದ್ದರು. ಎರಡು ಕಾಲಮ್ಮು. ಒಂದರ ಕೆಳಗೆ 17, ಇನ್ನೊಂದರ ಕೆಳಗೆ 14. ಅದರ ಕೆಳಗೆ ನನ್ನ ಹೆಸರು, ರೋಲ್ ನಂಬರು.

ಸೋಮವಾರ ಎಂಟೂ ಹತ್ತಕ್ಕೆ ಕಾಲೇಜು ತಲುಪಿದೆ. ಕಸ ಗುಡಿಸುವ ಅಮ್ಮ ಬಿಟ್ಟರೆ ಯಾರೂ ಇರಲಿಲ್ಲ. ಪಟ್ಟಿ ಅಲ್ಲೇ ಇತ್ತು. ನಾಲ್ಕು ಪಿನ್ನು ಕಿತ್ತೆ, ನಾಲ್ಕನೆಯದು ಉಗುರಿನ ಸಂದಿಗೆ ಚುಚ್ಚಿತು. ಹಾಳೆಯ ಅಂಚಿನಲ್ಲಿ ಯಾರೋ ಪೆನ್ಸಿಲಿನಿಂದ “ಸೂಪರ್” ಎಂದು ಬರೆದಿದ್ದರು. ಓದಿದವರು ಎಷ್ಟು ಜನ? ಶುಕ್ರವಾರ ಮಧ್ಯಾಹ್ನದಿಂದ ಶನಿವಾರ ಸಂಜೆ, ವಿಭಾಗದಲ್ಲಿ ನೂರಾ ಹನ್ನೆರಡು ಹುಡುಗಿಯರು. ಅವರಲ್ಲಿ ಒಬ್ಬಳಾದರೂ ನಾನು ಮಾಡದ ಲೆಕ್ಕವನ್ನು ಮಾಡಿರಬಹುದು. ಮೇಡಂಗೆ ನೋಟುಗಳಿಗೆ ಹುಳ ಬಿದ್ದಿದೆ ಎಂದು ಸುಳ್ಳು ಹೇಳಿದೆ. ಅವರು ಬೇವಿನ ಎಲೆ ಇಡು ಅಂದರು.

ಮಂಗಳವಾರ ಮೊಹರಂ ರಜೆ. ಅಪ್ಪ ಮನೆಯಲ್ಲಿದ್ದರು.

ಅಪ್ಪ ಕೇಂದ್ರ ಸರ್ಕಾರದ ಒಂದು ರಕ್ಷಣಾ ಘಟಕದಲ್ಲಿ ಉಗ್ರಾಣ ನೋಡಿಕೊಳ್ಳುತ್ತಿದ್ದರು. ಧಾರವಾಡ ಬಿಟ್ಟು ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ನಿವೃತ್ತಿಗೆ ಮೂರು ವರ್ಷ ಉಳಿದಿತ್ತು. ಆ ತಿಂಗಳು ಅವರನ್ನು ಹೊಸ ವಿಭಾಗಕ್ಕೆ ಹಾಕುವವರಿದ್ದರು, ಅದಕ್ಕೆ ಭದ್ರತಾ ವಿಭಾಗದ ಒಪ್ಪಿಗೆ ಬೇಕು. ಅವರ ಜೊತೆಗೆ ಕೆಲಸ ಮಾಡುತ್ತಿದ್ದ ಒಬ್ಬರ ಮೇಲೆ ಯಾವುದೋ ಸಣ್ಣ ವಿಚಾರಣೆ ಬಾಕಿಯಿದ್ದುದರಿಂದ, ನಿವೃತ್ತರಾಗಿ ಎರಡು ವರ್ಷವಾದರೂ ಪೂರ್ತಿ ಪಿಂಚಣಿ ಬಂದಿರಲಿಲ್ಲ. ಅವರು ನಮ್ಮ ಮನೆಗೆ ಬಂದಾಗಲೆಲ್ಲ ಅಪ್ಪ ಅವರಿಗಿಂತ ಹೆಚ್ಚು ಬೆವರುತ್ತಿದ್ದರು.

ಊಟದ ಮೇಜಿನ ಮೇಲೆ ಆ ಒಪ್ಪಿಗೆಗೆ ತುಂಬಬೇಕಾದ ನಮೂನೆ ಹರಡಿಕೊಂಡಿದ್ದರು. ಇಂತಹ ಕಾಗದವನ್ನು ಅಪ್ಪ ಒಂದೊಂದು ಸಾಲೂ ಗಟ್ಟಿಯಾಗಿ ಓದಿ, ಅರ್ಥ ಹೇಳಿ, ಆಮೇಲೆ ತುಂಬುತ್ತಾರೆ. ಹನ್ನೊಂದನೆಯ ಸಾಲಿಗೆ ಬಂದರು. ನನಗೆ ತಿಳಿದಂತೆ, ಈ ದಿನ ನನ್ನ ಅಥವಾ ನನ್ನ ಮನೆಯವರ ವಶದಲ್ಲಿ ಕಾನೂನು ನಿಷೇಧಿಸಿದ ಯಾವ ವಸ್ತುವೂ ಇಲ್ಲ.

ಎರಡು ದಿನದಿಂದ ನಾನು ಅದೇ ಪದಗಳ ಸುತ್ತ ತಿರುಗುತ್ತಿದ್ದೆ. ಭಾನುವಾರವೇ ಆ ನಮೂನೆಯನ್ನು ಕದ್ದು ಓದಿದ್ದೆ. ‘ನನಗೆ ತಿಳಿದಂತೆ.’ ನಾನು ಹೇಳದಿದ್ದರೆ ಅಪ್ಪನಿಗೆ ತಿಳಿಯದು, ತಿಳಿಯದವರ ಸಹಿ ಸುಳ್ಳಾಗದು. ಹೇಳಿದರೆ ಅವರ ಕೈಯಿಂದ ಸಹಿ ಬರದು. ಆದರೆ ಆ ನೂರಾ ಹನ್ನೆರಡರಲ್ಲಿ ಒಬ್ಬಳು ಮನೆಯಲ್ಲಿ ಹೇಳಿ, ಅವಳ ಮನೆಯವರು ಇನ್ನೊಬ್ಬರಿಗೆ ಹೇಳಿ, ಯಾರಾದರೂ ನಮ್ಮ ಬಾಗಿಲಿಗೆ ಬಂದರೆ? ಕಪಾಟಿಗೆ ಬೀಗ ಹಾಕಿದೆಯೇ ಎಂದು ಎರಡು ದಿನದಲ್ಲಿ ಇಪ್ಪತ್ತಾರು ಸಲ ನೋಡಿದ್ದೆ.

ಅಪ್ಪ ಕನ್ನಡಕದ ಮೇಲಿಂದ ನೋಡಿ ತಮಾಷೆಗೆ ಕೇಳಿದರು: “ಏನವಾ, ಬಾಂಬ್ ಗೀಂಬ್ ಇಟ್ಟೀಯೇನು ಕಪಾಟಿನ್ಯಾಗ?”

ನನಗೆ ನಗು ಬರಲಿಲ್ಲ. ಹೇಳಿದೆ.

ಅಪ್ಪ ಪೆನ್ನಿನ ಮುಚ್ಚಳ ಹಾಕಿದರು. “ಈಗ ನನಗ ಗೊತ್ತಾತು” ಅಂದರು. ಸಿಟ್ಟಿರಲಿಲ್ಲ, ಅದೇ ಹೆಚ್ಚು ಹೆದರಿಸಿತು. ಎದ್ದು ಹೋಗಿ ಬೀದಿ ಕಡೆಯ ಕಿಟಕಿ ಮುಚ್ಚಿ ಬಂದರು. “ಯಾರ್ಯಾರಿಗೆ ಗೊತ್ತೈತಿ?”

ಕಾಕಾ ಎಂದೆ. ನೋಟೀಸ್ ಬೋರ್ಡು ಎಂದೆ. ಅಪ್ಪನ ಕೆಳತುಟಿ ಒಣಗಿ ಬಿಳಿಯಾಯಿತು.

ಅವ್ವ ಅಡುಗೆ ಮನೆಯಿಂದ ಕೈ ಒರೆಸುತ್ತ ಬಂದಳು. “ಇಷ್ಟಕ್ಕ ಯಾಕ ಹೆಣ ಬಿದ್ದಂಗ ಕುಂತೀರಿ? ಒಬ್ಬೊಬ್ಬರಿಗೆ ಹತ್ತು ಅಂತಾರಲ್ಲ, ನಿಮಗ ಹತ್ತು, ನನಗ ಹತ್ತು, ಆಕಿಗೆ ಹತ್ತು. ಮೂವತ್ತಾತು. ಉಳದದ್ದೊಂದು ದೇವರ ಮುಂದ ಇಡ್ರಿ, ಆತಗ ಯಾವ ಕಾನೂನು?”

“ಕೊಡೂದೂ ತಪ್ಪು, ತಗೊಳ್ಳೂದೂ ತಪ್ಪು. ನೀ ಸುಮ್ಮನಿರು.”

“ಹಂಗಾರ ನಿಮ್ಮ ಅಕ್ಕಾರೂ ಜೈಲಿಗೆ. ಆಕಿ ಸೀರಿಯಿಂದ ಬಂದದ್ದ ಎರಡು.”

ಅಪ್ಪ ನನ್ನ ಡೈರಿ ಕೇಳಿದರು. ಧಾರವಾಡದ ಅತ್ತೆ, ಎರಡು, ಹಳದಿ ಸೀರೆ. ಹುಬ್ಬಳ್ಳಿಯ ಮಾವ, ಒಂದು, ಕೋಟಿನ ಜೇಬು. ಒಂದೊಂದಕ್ಕೂ ತಾರೀಖು. ನನ್ನ ಗುಂಡಗಿನ ಅಕ್ಷರವನ್ನು ಅವರು ಯಾವಾಗಲೂ ಮೆಚ್ಚುತ್ತಿದ್ದರು. ಅಂದು ಆ ಪುಟಗಳ ಮೇಲೆ ಬೆರಳು ಇಡಲೂ ಹೆದರಿದವರ ಹಾಗೆ ಅಂಚು ಹಿಡಿದು ತಿರುವಿದರು. “ಪೊಲೀಸರು ಬರದ್ರೂ ಇಷ್ಟು ಚೊಲೋ ಬರೀತಿರಲಿಲ್ಲ” ಅಂದರು. ಹರಿದುಹಾಕು ಅನ್ನುತ್ತಾರೆಂದು ಕಾದೆ. ಅನ್ನಲಿಲ್ಲ, ಮುಚ್ಚಿ ನನ್ನ ಕಡೆ ಸರಿಸಿದರು. “ಆರು ತಗೀಬೇಕು. ಇವತ್ತ. ನಾ ಇವತ್ತಿನ ತಾರೀಖು ಹಾಕೂದರೊಳಗ.”

ಆರನ್ನು ಆರಿಸುವುದು ನನ್ನ ಕೆಲಸ. ಕಾಕಾ ಕಲಿಸಿದಂತೆಯೇ ಆರಿಸಿದೆ. ಎಣ್ಣೆ ಕುಡಿದ ಐನೂರು ಒಂದು. ನಡುವೆ ಸೀಳಿ ಟೇಪು ಅಂಟಿಸಿದ ಐನೂರು ಒಂದು. ಬಿಳಿ ಜಾಗದಲ್ಲಿ ಯಾರದೋ ಫೋನ್ ನಂಬರು ಗೀಚಿದ್ದ ಐನೂರು. ಸದ್ದೇ ಬರದಷ್ಟು ಮೆತ್ತಗಾದ ಸಾವಿರದ ನೋಟು ಎರಡು. ಐದಾದವು. ಆರನೆಯದಕ್ಕೆ ಕೈ ಹೋಗಲಿಲ್ಲ.

“ಇದರೊಳಗ ಎಲ್ಲಾದಕ್ಕಿಂತ ಜಾಸ್ತಿ ಬೆಲೆ ಯಾವುದಕ್ಕ?” ಅಪ್ಪ ಕೇಳಿದರು.

ಬೇರೆ ಯಾವುದನ್ನಾದರೂ ತೋರಿಸಬಹುದಿತ್ತು. ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಆದರೆ ಅಷ್ಟೊತ್ತಿಗೆ ನನ್ನಲ್ಲಿ ಸುಳ್ಳು ಹೇಳುವಷ್ಟು ಧೈರ್ಯ ಉಳಿದಿರಲಿಲ್ಲ. ಆ ಸಾವಿರದ ನೋಟನ್ನು ಪ್ಲಾಸ್ಟಿಕ್ಕಿನ ಕಿಸೆಯಿಂದ ಜಾರಿಸಿ ಮೇಜಿನ ಮೇಲಿಟ್ಟೆ.

“ಇದ ಹೋಗಲಿ.”

“ಅಪ್ಪಾ, ಇಂಥದು ಕಾಕಾನೂ ನೋಡಿಲ್ಲಂತ.”

“ಅದಕ್ಕ. ಬೆಲೆ ಐತಂತ ಇಟ್ಕೊಂಡಾರ ಅಂತಾರ. ನಾಳೆ ಯಾರರ ನನ್ನ ಮುಂದ ಕುಂತು ಮನ್ಯಾಗ ಏನೈತಿ ಅಂತ ಕೇಳಿದ್ರ, ಇದು ನೆನಪಾಗತೈತಿ ನನಗ. ನನ್ನ ದನಿ ನಡಗತೈತಿ. ನನ್ನ ದನಿ ನಿನಗ ಗೊತ್ತಿಲ್ಲೇನು?”

“ಹುಡುಗಿ ಆರು ವರ್ಷ ಕೂಡಿಸಿದ್ದದು” ಎಂದು ಅವ್ವ ಮೆಲ್ಲಗೆ ಅಂದಳು. ಅಪ್ಪ ಅವಳ ಕಡೆ ನೋಡಲಿಲ್ಲ. ನೋಟು ಎತ್ತಿ ಟ್ಯೂಬ್‌ಲೈಟಿಗೆ ಹಿಡಿದು, “ಏನೈತಿ ಇದರಾಗ ಅಂಥದು, ತೋರಸು” ಅಂದರು.

ಸಂಖ್ಯೆಯ ಮೂರನೆಯ, ನಾಲ್ಕನೆಯ ಅಂಕಿಯ ಹಿಂದೆ ನೋಡಿ ಎಂದೆ. ಅವರಿಗೆ ಕಾಣಲಿಲ್ಲ. ಕನ್ನಡಕ ಒರೆಸಿಕೊಂಡರು, ಕಾಣಲಿಲ್ಲ. ನನ್ನ ಭೂತಗನ್ನಡಿ ಕೊಟ್ಟು, ಅವರ ಕೈ ಹಿಡಿದು ಓರೆ ಮಾಡಿ, ಪೆನ್ನಿನ ತುದಿಯನ್ನು ಗಾಳಿಯಲ್ಲೇ ಅಕ್ಷರದ ಆಕಾರಕ್ಕೆ ಆಡಿಸಿದೆ. ಸ್ವಲ್ಪ ಹೊತ್ತಿನ ಮೇಲೆ ಉಸಿರು ಬಿಟ್ಟರು.

“ಹೌದವಾ. ಐತಿ. ಭಾಳ ಚೆಂದ ಐತಿ.”

ಆ ನೋಟನ್ನು ಉಳಿದ ಐದರ ಮೇಲೆ ಇಟ್ಟರು.

ಸುಡುವುದಕ್ಕೆ ಅವ್ವ ಒಪ್ಪಲಿಲ್ಲ. ಕ್ವಾರ್ಟರ್ಸಿನಲ್ಲಿ ಒಂದು ಮನೆಯ ಒಗ್ಗರಣೆಯ ವಾಸನೆಗೆ ನಾಲ್ಕು ಮನೆಯವರು ಸೀನುತ್ತಾರೆ. ಬಿಸಿನೀರಿನ ಬೋಗುಣಿಯಲ್ಲಿ ಹಾಕಿದೆವು. ಅರ್ಧ ಗಂಟೆಯಾದರೂ ಕರಗಲಿಲ್ಲ. ನೋಟು ಹತ್ತಿಯ ಕಾಗದ, ಒಗೆದರೂ ಬಟ್ಟೆಯ ಹಾಗೆ ಉಳಿಯುತ್ತದೆ ಎಂದು ನನಗೆ ಗೊತ್ತಿತ್ತು, ಆ ಹೊತ್ತಿನಲ್ಲಿ ನೆನಪಾಗಲಿಲ್ಲ. ಕೊನೆಗೆ ಅವ್ವ ಅವನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ ಚಟ್ನಿ ಮಾಡುವ ಮಿಕ್ಸರ್ ಜಾರಿಗೆ ಹಾಕಿದಳು. ಮಿಕ್ಸರ್ ಒಮ್ಮೆ ಗುರ್ರೆಂದು ನಿಂತುಹೋಯಿತು. ಅದೇ ಕ್ಷಣಕ್ಕೆ ಬಾಗಿಲ ಗಂಟೆ ಬಾರಿಸಿತು.

ಮೂವರೂ ಅಲುಗಾಡಲಿಲ್ಲ. ಗಂಟೆ ಇನ್ನೊಮ್ಮೆ ಆಯಿತು. ಅಪ್ಪ ಶರ್ಟಿನ ಮೇಲಿನ ಗುಂಡಿ ಹಾಕಿಕೊಂಡು, ಕರೆದುಕೊಂಡು ಹೋಗಲು ಬಂದವರ ಜೊತೆ ಹೊರಡುವವರ ಹಾಗೆ ನಿಧಾನಕ್ಕೆ ಹೋಗಿ ತೆರೆದರು. ಇಸ್ತ್ರಿಯವನು. ಎಂಟು ಬಟ್ಟೆ ಕೊಟ್ಟು, “ಮಿಕ್ಸೀ ಜಲ್ ಗಯಾ ಕ್ಯಾ ಸಾಬ್?” ಎಂದು ಸುಟ್ಟ ವಾಸನೆಗೆ ಮೂಗು ಏರಿಸಿದ. ಅಪ್ಪ ಹೌದೆಂದು ಅವನಿಗೆ ಕೊಡಬೇಕಾದ್ದಕ್ಕಿಂತ ಇಪ್ಪತ್ತು ರೂಪಾಯಿ ಹೆಚ್ಚು ಕೊಟ್ಟರು.

ಮತ್ತೆ ನೀರು ಹಾಕಿ ತಿರುವಿದ ಮೇಲೆ ಬೂದು ಬಣ್ಣದ, ನಡುನಡುವೆ ಗುಲಾಬಿ ಚುಕ್ಕಿಯ ಗಂಜಿಯಾಯಿತು. ಆದರೆ ನೋಟಿನ ಒಳಗಿನ ಎಳೆಗಳು ಅರೆಯಲಿಲ್ಲ. ಬ್ಲೇಡಿನ ಕೆಳಗೆ ಸುತ್ತಿಕೊಂಡು, ಬೆಳಕು ಬಿದ್ದಾಗ ಹಸಿರಾಗಿ, ಅಲುಗಿಸಿದರೆ ನೀಲಿಯಾಗಿ ಹೊಳೆಯುತ್ತಿದ್ದವು. ಅಪ್ಪ ಕುರ್ಚಿ ಎಳೆದುಕೊಂಡು ಕೂತು, ನನ್ನ ನೋಟು ಹಿಡಿಯುವ ಚಿಮಟದಿಂದ ಒಂದೊಂದನ್ನೂ ಬಿಡಿಸಿ ತೆಗೆದರು. ಒಂದೂ ಕಾಲು ಗಂಟೆ ಹಿಡಿಯಿತು. ಅವ್ವ ಗಂಜಿಯನ್ನು ತರಕಾರಿ ಸಿಪ್ಪೆಯ ಜೊತೆ ಹಸಿ ಕಸಕ್ಕೆ ಬೆರೆಸಿದಳು. ಜಾರನ್ನು ಮೂರು ಸಲ ತೊಳೆದು, ಮೂಸಿ, ನಾಲ್ಕನೆಯ ಸಲ ತೊಳೆದಳು.

ನಾನು ಉಳಿದವನ್ನು ಎಣಿಸಿದೆ. ಐನೂರು ಹದಿನಾಲ್ಕು, ಸಾವಿರ ಹನ್ನೊಂದು. ಮೊದಲ ಬಾರಿಗೆ ಅವೆರಡರ ಕೆಳಗೆ ಗೆರೆ ಎಳೆದು ಮೊತ್ತ ಬರೆದೆ. ಸಂಜೆ ಐದೂ ನಲವತ್ತಕ್ಕೆ ಅಪ್ಪ ಹನ್ನೊಂದನೆಯ ಸಾಲಿನ ಮುಂದೆ ಸಹಿ ಹಾಕಿದರು. ‘ಈ ದಿನ’ ಅನ್ನುವ ಎರಡು ಪದಗಳನ್ನು ಬೆರಳಿಟ್ಟು ಓದಿ, ಆಮೇಲೆ ತಾರೀಖು.

ಭದ್ರತಾ ವಿಭಾಗದ ಒಪ್ಪಿಗೆ ಬರುವವರೆಗೆ ಏಳು ವಾರ. ಆ ಏಳು ವಾರದಲ್ಲಿ ನಮ್ಮ ಬಾಗಿಲ ಗಂಟೆ ಬಾರಿಸಿದಾಗಲೆಲ್ಲ ಅಪ್ಪ ಶರ್ಟಿನ ಗುಂಡಿ ಮುಟ್ಟಿಕೊಳ್ಳುತ್ತಿದ್ದರು. ನಾನು ಅಮೀರ್‌ಪೇಟ್‌ಗೆ ಹೋಗಲಿಲ್ಲ. ಕಾಕಾ ಒಂದು ಸಲ ಫೋನ್ ಮಾಡಿ, “ಬೇಟಾ, ಆ ಒಂದು ಇಟ್ಟಿದಿ ಹೌದಲ್ಲ?” ಎಂದು ಕೇಳಿದರು. ಇಲ್ಲ ಎಂದೆ. ಫೋನ್ ಇಟ್ಟುಬಿಟ್ಟರು.

ಸೆಪ್ಟೆಂಬರ್ ಇಪ್ಪತ್ತೇಳು, ಮಂಗಳವಾರ, ಸಂಜೆ ಆರೂವರೆ. ಅಪ್ಪ ಬೂಟು ಬಿಚ್ಚದೆ ಒಳಗೆ ಬಂದು, “ಬಂತು” ಅಂದರು. ಅವ್ವ ಸಕ್ಕರೆ ಡಬ್ಬಿ ತರಲು ಓಡಿದಳು. ಅಪ್ಪ ನನ್ನ ಕಡೆ ತಿರುಗಿದರು.

“ಎಷ್ಟ ಅದಾವ?”

“ಇಪ್ಪತ್ತೈದು ಅಪ್ಪಾ.”

“ಎಣಿಸಿ ಹೇಳು.”

ಆಲ್ಬಮ್ ತಂದು, ಐನೂರು ಮುಗಿದಲ್ಲಿ ನಿಲ್ಲದೆ, ಸಾವಿರದ ಪುಟಕ್ಕೆ ಹಾಗೇ ಮುಂದುವರಿದು ಗಟ್ಟಿಯಾಗಿ ಎಣಿಸಿದೆ. ಅಪ್ಪನ ತುಟಿಯೂ ನನ್ನ ಜೊತೆಗೇ ಅಲುಗುತ್ತಿತ್ತು. ಇಪ್ಪತ್ತೈದು ಎಂದು ಹೇಳಿ ನಿಲ್ಲಿಸಿದ ಮೇಲೂ ಅವರು, ಇನ್ನೊಂದು ಸಂಖ್ಯೆ ಬರುತ್ತದೇನೋ ಎಂಬಂತೆ, ಸ್ವಲ್ಪ ಹೊತ್ತು ನನ್ನ ಬಾಯನ್ನೇ ನೋಡುತ್ತ ನಿಂತಿದ್ದರು.